ಕಡತಕ್ಕೂ ತನ್ನ ಮನೆಯ ವಿಳಾಸ ತಿಳಿದಿರಬೇಕು

ಬಡಾವಣೆಯ ಮೂಲೆಯಲ್ಲಿ ನಿಂತು ದಾರಿ ಕೇಳಿದವರಿಗೆ ನಾವು ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಕೊಡುತ್ತೇವೆ. ‘ನೇರವಾಗಿ ಹೋಗಿ, ಹಿಟ್ಟಿನ ಗಿರಣಿಯ ಬಳಿ ಎಡಕ್ಕೆ ತಿರುಗಿ, ಅಲ್ಲಿಂದ ಮೂರನೆಯ ಮನೆ’ ಎನ್ನುವುದು ಒಂದು ಬಗೆ. ಮನೆಯ ಸಂಖ್ಯೆ, ಅಡ್ಡರಸ್ತೆ, ಬಡಾವಣೆ, ಊರು ಎಲ್ಲವನ್ನೂ ಒಂದೊಂದಾಗಿ ಹೇಳಿ ಮುಗಿಸುವುದು ಇನ್ನೊಂದು ಬಗೆ. ಮೊದಲನೆಯದು ಹೇಳುವುದಕ್ಕೂ ಹಗುರ, ಕೇಳುವುದಕ್ಕೂ ಹಗುರ. ಆದರೆ ಕೇಳಿದವನು ಬೇರೊಂದು ಮೂಲೆಯಲ್ಲಿ ನಿಂತಿದ್ದರೆ ಅದೇ ಮಾತು ಅವನನ್ನು ಯಾರದೋ ಮನೆಯ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ಎರಡನೆಯದು ಉದ್ದವಾದರೂ ಎಲ್ಲಿಂದ ಹೊರಟವನಿಗೂ ಸಲ್ಲುತ್ತದೆ. 1972ರ ಆಗಸ್ಟ್ 15ರಂದು ನಮ್ಮ ಅಂಚೆಯ ಇಲಾಖೆಯು ಆರಂಕಿಯ ಪಿನ್‌ಕೋಡನ್ನು ಜಾರಿಗೆ ತಂದದ್ದೂ ಇಂಥ ಗೊಂದಲವನ್ನು ತಪ್ಪಿಸುವುದಕ್ಕಾಗಿಯೇ; ಒಂದೇ ಹೆಸರಿನ ಊರುಗಳು ದೇಶದಲ್ಲಿ ಹಲವಿದ್ದವಷ್ಟೆ.

ಈ ಹಳೆಯ ತೊಡಕು ಮನುಷ್ಯರಿಗೆ ಮಾತ್ರವೇ ಮೀಸಲಾಗಿಲ್ಲ. ಕಂಪ್ಯೂಟರಿನ ಒಡಲಲ್ಲಿ ವಾಸಮಾಡುವ ಕಡತಗಳಿಗೂ ಅದು ಇದೆ. ವೆಬ್ ತಾಣವನ್ನು ಕಟ್ಟಲು ಹೊಸದಾಗಿ ಕಲಿಯುವ ತರುಣರು ಮೊದಲ ತಿಂಗಳಲ್ಲಿಯೇ ಎಡವುವ ಕಲ್ಲುಗಳಲ್ಲಿ ಇದೊಂದು. ‘ಈ ಸ್ಕ್ರಿಪ್ಟ್ ಯಾವ ಡೈರೆಕ್ಟರಿಯಲ್ಲಿದೆ?’ ಎಂಬ ಪ್ರಶ್ನೆ ಕೇಳುವುದಕ್ಕೆ ಅತ್ಯಲ್ಪವಾದುದು. ಆದರೆ ಅದಕ್ಕೆ ಸರಿಯಾದ ಉತ್ತರ ದೊರೆಯದಿದ್ದರೆ ಪುಟ ಕೆಡಬಹುದು. ಅದಕ್ಕಿಂತ ಹೆಚ್ಚಾಗಿ, ಮನೆಯವರು ಕೂಡಿಟ್ಟ ಲೆಕ್ಕವೇ ಅಳಿಸಿಹೋಗಬಹುದು. ಮನೆಯಲ್ಲಿ ಇಂಥ ವಿದ್ಯೆಯನ್ನು ಕಲಿಯುತ್ತಿರುವ ಮಕ್ಕಳಿದ್ದರೆ ಈ ಲೇಖನವನ್ನು ಅವರ ಕೈಗೆ ಕೊಡಬಹುದು. ಕಲಿಯದ ಹಿರಿಯರು ಓದಿದರೂ ನಷ್ಟವಿಲ್ಲ; ಮಕ್ಕಳು ನಡುರಾತ್ರಿಯವರೆಗೆ ಪರದೆಯ ಮುಂದೆ ತಲೆಯ ಮೇಲೆ ಕೈಹೊತ್ತು ಏಕೆ ಕುಳಿತಿರುತ್ತಾರೆಂಬುದಾದರೂ ತಿಳಿದೀತು.

ಬೇರು ಮೇಲೆ, ಕೊಂಬೆ ಕೆಳಗೆ

ಕಂಪ್ಯೂಟರಿನ ಕಡತಗಳು ಒಂದರ ಮೇಲೊಂದು ರಾಶಿ ಬಿದ್ದಿರುವುದಿಲ್ಲ. ಬೀರುವಿನೊಳಗೆ ಅರೆ, ಅರೆಯೊಳಗೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಸಣ್ಣ ಪೆಟ್ಟಿಗೆ ಎಂಬಂತೆ ಡೈರೆಕ್ಟರಿಯೊಳಗೆ ಡೈರೆಕ್ಟರಿಯನ್ನಿಟ್ಟು, ಕೊನೆಯದರಲ್ಲಿ ಕಡತವನ್ನಿಡುತ್ತಾರೆ. ಇದೇ ಡೈರೆಕ್ಟರಿಯನ್ನು ಇಂದಿನವರು ಫೋಲ್ಡರ್ ಎಂದೂ ಕರೆಯುವುದುಂಟು. ಈ ವ್ಯವಸ್ಥೆಯನ್ನು ಕಾಗದದ ಮೇಲೆ ಬರೆದು ನೋಡಿದರೆ ಅದೊಂದು ತಲೆಕೆಳಗಾದ ಮರ: ಬೇರು ಮೇಲೆ, ಕೊಂಬೆರೆಂಬೆಗಳು ಕೆಳಗೆ. ಅಂಥ ಅಶ್ವತ್ಥವೃಕ್ಷದ ಕಲ್ಪನೆ ನಮ್ಮವರಿಗೆ ಹೊಸದೇನೂ ಅಲ್ಲ.

ಇದರ ರೂಪರೇಖೆಯನ್ನು ಮೊದಲು ವಿಶದವಾಗಿ ವಿವರಿಸಿದವರಲ್ಲಿ ಅಮೆರಿಕದ ರಾಬರ್ಟ್ ಡೇಲಿ ಮತ್ತು ಪೀಟರ್ ನ್ಯೂಮನ್ ಪ್ರಮುಖರು. ‘ಮಲ್ಟಿಕ್ಸ್’ ಎಂಬ ಕಾರ್ಯವ್ಯವಸ್ಥೆಗಾಗಿ 1965ರಲ್ಲಿ ಅವರು ಮಂಡಿಸಿದ ಪ್ರಬಂಧದಲ್ಲಿ ಈ ಮರದ ವಿನ್ಯಾಸವಿದೆ. ಆ ಯೋಜನೆಯಿಂದ ಬೆಲ್ ಪ್ರಯೋಗಶಾಲೆಯು 1969ರಲ್ಲಿ ಹೊರಬಂದ ಮೇಲೆ, ಅಲ್ಲಿನ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಎಂಬವರು ‘ಯೂನಿಕ್ಸ್’ ಎಂಬ ಚಿಕ್ಕ ಚೊಕ್ಕ ವ್ಯವಸ್ಥೆಯೊಂದನ್ನು ಕಟ್ಟಿದರು. ಮರದ ಬೇರಿಗೆ ಒಂದು ಓರೆಗೆರೆ; ಒಂದು ಡೈರೆಕ್ಟರಿಯ ಹೆಸರಿಗೂ ಮುಂದಿನದಕ್ಕೂ ನಡುವೆ ಮತ್ತೆ ಅದೇ ಓರೆಗೆರೆ; ಒಂದು ಚುಕ್ಕಿಯೆಂದರೆ ‘ಇಲ್ಲಿಯೇ’; ಎರಡು ಚುಕ್ಕಿಯೆಂದರೆ ‘ಒಂದು ಮೆಟ್ಟಿಲು ಮೇಲೆ’. 1974ರಲ್ಲಿ ಅವರಿಬ್ಬರು ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ಈ ನಿಯಮಗಳನ್ನು ಕಾಣಬಹುದು. ಅರ್ಧಶತಮಾನ ಕಳೆದರೂ ಇಂದಿನ ಸರ್ವರುಗಳಲ್ಲಿ ಬಹುತೇಕ ಅವೇ ನಡೆಯುತ್ತಿವೆ. 1983ರಲ್ಲಿ ಮೈಕ್ರೊಸಾಫ್ಟ್ ಸಂಸ್ಥೆಯ ‘ಡಾಸ್’ ವ್ಯವಸ್ಥೆಯ ಎರಡನೆಯ ಆವೃತ್ತಿಗೂ ಡೈರೆಕ್ಟರಿಗಳ ಮರ ಬಂದಿತು. ಅಲ್ಲಿ ಓರೆಗೆರೆಯನ್ನು ಆಗಲೇ ಬೇರೊಂದು ಕೆಲಸಕ್ಕೆ ಬಳಸುತ್ತಿದ್ದುದರಿಂದ ಹಿಂದಕ್ಕೆ ವಾಲಿದ ಗೆರೆಯನ್ನು ಹಾಕಿಕೊಂಡರು. ಇಂದಿಗೂ ವಿಂಡೋಸ್ ಯಂತ್ರದಲ್ಲಿ ಗೆರೆಯು ಒಂದು ಕಡೆಗೂ, ಸರ್ವರಿನಲ್ಲಿ ಇನ್ನೊಂದು ಕಡೆಗೂ ವಾಲಿರುವುದರ ರಹಸ್ಯ ಇಷ್ಟೇ.

ಬೇರಿನಿಂದ ಮೊದಲುಗೊಂಡು ಕಡತದವರೆಗೆ ಹೇಳುವ ದಾರಿಗೆ ಪೂರ್ಣ ದಾರಿ ಎನ್ನೋಣ. ನಿಂತ ಜಾಗದಿಂದ ಲೆಕ್ಕಹಾಕುವ ದಾರಿಗೆ ಸಾಪೇಕ್ಷ ದಾರಿ ಎನ್ನೋಣ. ಹಿಟ್ಟಿನ ಗಿರಣಿಯ ಗುರುತು ಹೇಳುವುದು ಸಾಪೇಕ್ಷ. ಪಿನ್‌ಕೋಡಿನವರೆಗೆ ಹೇಳುವುದು ಪೂರ್ಣ. ಸಾಪೇಕ್ಷ ದಾರಿಯನ್ನು ಕಂಡಾಗಲೆಲ್ಲ ಕೇಳಬೇಕಾದ ಪ್ರಶ್ನೆ ಒಂದೇ: ‘ಎಲ್ಲಿ ನಿಂತು ಹೇಳುತ್ತಿದ್ದೀಯೆ?’ ಕಲಿಯುವವರು ಮರೆಯುವುದೂ ಈ ಪ್ರಶ್ನೆಯನ್ನೇ.

ಬೀದಿಯ ವಿಳಾಸ, ಒಳಮನೆಯ ವಿಳಾಸ

ವೆಬ್ ತಾಣದ ವಿಚಾರದಲ್ಲಿ ಇನ್ನೊಂದು ಸಿಕ್ಕು ಸೇರಿಕೊಳ್ಳುತ್ತದೆ. ಪ್ರತಿಯೊಂದು ಪುಟಕ್ಕೂ ಎರಡು ವಿಳಾಸ. ಓದುಗನು ತನ್ನ ಬ್ರೌಸರಿನಲ್ಲಿ ಬೆರಳಚ್ಚಿಸುವುದು ಬೀದಿಗೆ ಕಾಣುವ ವಿಳಾಸ. ಸರ್ವರಿನ ಡಿಸ್ಕಿನಲ್ಲಿ ಕಡತವು ಕುಳಿತಿರುವ ಜಾಗ ಒಳಮನೆಯ ವಿಳಾಸ. ಬೀದಿಯಿಂದ ಬಂದವರಿಗೆ ಸರ್ವರು ಇಡೀ ಮನೆಯನ್ನು ತೆರೆದು ತೋರಿಸುವುದಿಲ್ಲ. ಜಗುಲಿಯೊಂದನ್ನು ಮಾತ್ರ ಬಿಟ್ಟುಕೊಡುತ್ತದೆ. ಆ ಜಗುಲಿಗೆ ‘ಡಾಕ್ಯುಮೆಂಟ್ ರೂಟ್’ ಎಂದು ಹೆಸರು. ಬಾಡಿಗೆಯ ಸರ್ವರುಗಳಲ್ಲಿ ಅದು ಹೆಚ್ಚಾಗಿ ‘/ಹೋಮ್/ಬಳಕೆದಾರ/ಪಬ್ಲಿಕ್_ಎಚ್‌ಟಿಎಂಎಲ್’ ಎಂಬಂತೆ ಇರುತ್ತದೆ. ಮನೆಯ ವಿಂಡೋಸ್ ಯಂತ್ರದಲ್ಲಿ ‘ಕ್ಸಾಂಪ್’ ಎಂಬ ಕಟ್ಟನ್ನು ಹಾಕಿಕೊಂಡು ಅಭ್ಯಾಸ ಮಾಡುವವರಿಗೆ ‘ಸಿ:/ಕ್ಸಾಂಪ್/ಎಚ್‌ಟಿಡಾಕ್ಸ್’ ಎಂಬಲ್ಲಿರುತ್ತದೆ.

ಆದುದರಿಂದ ಒಂದೇ ಓರೆಗೆರೆಗೆ ಎರಡು ಅರ್ಥ. ಪುಟದೊಳಗಿನ ಕೊಂಡಿಯಲ್ಲಿ ಮೊದಲಿಗೆ ಓರೆಗೆರೆ ಹಾಕಿದರೆ ಅದು ತಾಣದ ಬೇರು, ಎಂದರೆ ಜಗುಲಿ. ಸರ್ವರಿನಲ್ಲಿ ಓಡುವ ಸ್ಕ್ರಿಪ್ಟು ಕಡತವೊಂದನ್ನು ತೆರೆಯುವಾಗ ಮೊದಲಿಗೆ ಓರೆಗೆರೆ ಹಾಕಿದರೆ ಅದು ಇಡೀ ಯಂತ್ರದ ಬೇರು. ‘ಚಿತ್ರ ಕಾಣುತ್ತದೆ, ಅದೇ ದಾರಿಯನ್ನು ಬರೆದರೆ ಕಡತ ಮಾತ್ರ ತೆರೆಯುವುದಿಲ್ಲ’ ಎಂದು ಗೋಳಾಡುವವರಲ್ಲಿ ಅರ್ಧದಷ್ಟು ಜನ ಈ ಎರಡನ್ನು ಬೆರೆಸಿಕೊಂಡವರು ಎಂದರೆ ತಪ್ಪಾಗದು.

ಒಂದು ಪುಸ್ತಕದಂಗಡಿಯ ಉದಾಹರಣೆ

ವೆಬ್ ಬರವಣಿಗೆಗೆ ಬಳಸುವ ಭಾಷೆಗಳು ಹಲವು. ಅವುಗಳಲ್ಲಿ ‘ಪಿಎಚ್‌ಪಿ’ಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಗ್ರೀನ್‌ಲ್ಯಾಂಡಿನಲ್ಲಿ ಜನಿಸಿದ ರಾಸ್ಮಸ್ ಲೆರ್ಡಾರ್ಫ್ ಎಂಬವರು, ಅಂತರಜಾಲದಲ್ಲಿ ಹಾಕಿದ್ದ ತಮ್ಮ ಪರಿಚಯಪತ್ರವನ್ನು ಯಾರು ಯಾರು ನೋಡುತ್ತಾರೆಂದು ತಿಳಿಯುವ ಸಲುವಾಗಿ 1994ರಲ್ಲಿ ಬರೆದುಕೊಂಡ ಸಣ್ಣ ಸಲಕರಣೆಗಳೇ ಅದರ ಮೂಲ. 1995ರ ಜೂನಿನಲ್ಲಿ ಅವನ್ನು ಲೋಕಕ್ಕೆ ಬಿಟ್ಟುಕೊಟ್ಟರು. ಇಂದು ವಿಕಿಪೀಡಿಯದ ಪುಟಗಳನ್ನು ಒದಗಿಸುವ ತಂತ್ರಾಂಶವೂ, ‘ವರ್ಡ್‌ಪ್ರೆಸ್’ ಎಂಬ ಜನಪ್ರಿಯ ತಂತ್ರಾಂಶವೂ ಈ ಭಾಷೆಯಲ್ಲಿಯೇ ಇವೆ.

ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ತನ್ನ ತಂದೆಯ ಪುಸ್ತಕದಂಗಡಿಗೆ ಒಂದು ತಾಣವನ್ನು ಕಟ್ಟುತ್ತಿರುವಳೆಂದು ಭಾವಿಸೋಣ. ಜಗುಲಿಯಲ್ಲಿ ಅವಳು ಮುಖಪುಟದ ಕಡತವನ್ನಿಟ್ಟಿದ್ದಾಳೆ. ‘ಭಾಗ’ ಎಂಬ ಡೈರೆಕ್ಟರಿಯಲ್ಲಿ ಎಲ್ಲ ಪುಟಗಳಿಗೂ ಬೇಕಾಗುವ ‘ತಲೆ.ಪಿಎಚ್‌ಪಿ’ ಮತ್ತು ‘ಪಟ್ಟಿ.ಪಿಎಚ್‌ಪಿ’ ಎಂಬೆರಡು ತುಣುಕುಗಳಿವೆ. ‘ಕಥೆ’ ಎಂಬ ಇನ್ನೊಂದು ಡೈರೆಕ್ಟರಿಯಲ್ಲಿ ಕಾದಂಬರಿಗಳ ಪುಟವಿದೆ. (ಇಲ್ಲಿ ಕನ್ನಡದಲ್ಲಿ ಅಚ್ಚಾದ ಹೆಸರುಗಳನ್ನೂ ಆಜ್ಞೆಗಳನ್ನೂ ಯಂತ್ರಕ್ಕೆ ಕೊಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಬೆರಳಚ್ಚಿಸಬೇಕು.)

ಮುಖಪುಟವು ‘ತಲೆ’ಯನ್ನು ಕರೆದುಕೊಳ್ಳುತ್ತದೆ. ‘ತಲೆ’ಯು ಪುಸ್ತಕಗಳ ಪಟ್ಟಿಯನ್ನು ಕರೆದುಕೊಳ್ಳಬೇಕು. ಹುಡುಗಿ ‘ತಲೆ’ಯೊಳಗೆ ಹೀಗೆ ಬರೆದಳು:

ಇನ್‌ಕ್ಲೂಡ್ 'ಭಾಗ/ಪಟ್ಟಿ.ಪಿಎಚ್‌ಪಿ';

ಮುಖಪುಟ ಸೊಗಸಾಗಿ ತೆರೆಯಿತು. ತಂದೆಗೆ ತೋರಿಸಿದಳು, ತಾಯಿಗೂ ತೋರಿಸಿದಳು. ಆಮೇಲೆ ಕಾದಂಬರಿಗಳ ಪುಟವನ್ನು ಒತ್ತಿದರೆ ನೆತ್ತಿಯ ಮೇಲೆಯೇ ಎಚ್ಚರಿಕೆ: ‘ಫೇಲ್ಡ್ ಟು ಓಪನ್ ಸ್ಟ್ರೀಮ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ’. ಅಂಥ ಕಡತವಾಗಲಿ ಡೈರೆಕ್ಟರಿಯಾಗಲಿ ಇಲ್ಲವಂತೆ! ಕಡತವೇನೋ ಕಣ್ಣೆದುರಿಗೇ ಇದೆ.

ಕಾರಣವನ್ನು ವಿಚಾರಿಸೋಣ. ಓಡುತ್ತಿರುವ ಪ್ರತಿಯೊಂದು ಸ್ಕ್ರಿಪ್ಟಿಗೂ ‘ಈಗ ನಿಂತ ಜಾಗ’ ಎಂಬುದೊಂದಿರುತ್ತದೆ. ವೆಬ್ ಮೂಲಕ ಕರೆದಾಗ ಸಾಮಾನ್ಯವಾಗಿ ಮೊದಲು ಕರೆಸಿಕೊಂಡ ಪುಟದ ಡೈರೆಕ್ಟರಿಯೇ ಆ ಜಾಗ. ಮುಖಪುಟವನ್ನು ಕರೆದಾಗ ನಿಂತದ್ದು ಜಗುಲಿಯಲ್ಲಿ; ಅಲ್ಲಿಂದ ನೋಡಿದರೆ ‘ಭಾಗ/ಪಟ್ಟಿ’ ಸಿಕ್ಕಿತು. ಕಾದಂಬರಿಯ ಪುಟವನ್ನು ಕರೆದಾಗ ನಿಂತದ್ದು ‘ಕಥೆ’ಯಲ್ಲಿ, ಅಲ್ಲಿ ‘ಭಾಗ’ವೆಂಬುದೇ ಇಲ್ಲ. ಪಿಎಚ್‌ಪಿ ಅಷ್ಟಕ್ಕೇ ಬಿಡದೆ, ಕರೆಯುತ್ತಿರುವ ತುಣುಕಿನ ಸ್ವಂತ ಡೈರೆಕ್ಟರಿಯಲ್ಲಿಯೂ ಹುಡುಕುತ್ತದೆ. ‘ತಲೆ’ಯು ಇರುವುದು ‘ಭಾಗ’ದಲ್ಲಿ, ಅಲ್ಲಿಂದ ನೋಡಿದರೆ ‘ಭಾಗ/ಭಾಗ/ಪಟ್ಟಿ’ ಎಂದಾಗುತ್ತದೆ. ಅದೂ ಇಲ್ಲ. ಆದ್ದರಿಂದ ಎಚ್ಚರಿಕೆ.

ಹುಡುಗಿಗೆ ಸಿಟ್ಟು ಬಂದಿತು. ‘ನಿಂತ ಜಾಗದ ಗೊಡವೆಯೇ ಬೇಡ’ ಎಂದು ಪೂರ್ಣ ದಾರಿಯನ್ನೇ ಬರೆದಳು:

ಇನ್‌ಕ್ಲೂಡ್ 'ಸಿ:/ಕ್ಸಾಂಪ್/ಎಚ್‌ಟಿಡಾಕ್ಸ್/ಭಾಗ/ಪಟ್ಟಿ.ಪಿಎಚ್‌ಪಿ';

ಈಗ ಎಲ್ಲ ಪುಟಗಳೂ ತೆರೆದವು. ನೆಮ್ಮದಿಯಿಂದ ಮಲಗಿದಳು. ಮರುದಿನ ತಾಣವನ್ನು ಬಾಡಿಗೆಯ ಸರ್ವರಿಗೆ ಸಾಗಿಸಿದಾಗ ಒಂದು ಪುಟವೂ ನೆಟ್ಟಗೆ ಬರಲಿಲ್ಲ. ಲಿನಕ್ಸ್ ಸರ್ವರಿನಲ್ಲಿ ‘ಸಿ:’ ಎಂಬ ಡಿಸ್ಕೇ ಇಲ್ಲವಷ್ಟೆ! ಸಾಪೇಕ್ಷ ದಾರಿ ನಿಂತ ಜಾಗ ಬದಲಾದರೆ ಕೆಡುತ್ತದೆ; ಬರೆದಿಟ್ಟ ಪೂರ್ಣ ದಾರಿ ಮನೆ ಬದಲಾದರೆ ಕೆಡುತ್ತದೆ. ಹಾಗಾದರೆ ಗತಿಯೇನು?

ಕಡತವನ್ನೇ ಕೇಳುವುದು

ಗತಿ ಇಷ್ಟೆ: ವಿಳಾಸವನ್ನು ನಾವು ಬರೆಯದೆ ಕಡತದ ಬಾಯಿಂದಲೇ ಹೇಳಿಸಬೇಕು. ಪಿಎಚ್‌ಪಿಯಲ್ಲಿ ಇದಕ್ಕೆಂದೇ ಒಂದು ಪದವಿದೆ. ಎರಡು ಅಡಿಗೆರೆ, ನಡುವೆ ಡಿ, ಐ, ಆರ್ ಎಂಬ ಮೂರು ದೊಡ್ಡಕ್ಷರ, ಮತ್ತೆ ಎರಡು ಅಡಿಗೆರೆ. ಅದು ಯಾವ ಕಡತದಲ್ಲಿ ಬರೆಯಲ್ಪಟ್ಟಿದೆಯೋ ಆ ಕಡತವಿರುವ ಡೈರೆಕ್ಟರಿಯ ಪೂರ್ಣ ದಾರಿಯನ್ನು ಹೇಳುತ್ತದೆ. ಯಾರು ಕರೆದರು, ಎಲ್ಲಿ ನಿಂತು ಕರೆದರು ಎಂಬುದು ಅದಕ್ಕೆ ಲೆಕ್ಕಕ್ಕಿಲ್ಲ. ‘ತಲೆ’ಯೊಳಗಿನ ಸಾಲನ್ನು ಹೀಗೆ ತಿದ್ದಿದರಾಯಿತು:

ರಿಕ್ವೈರ್ __ಡಿಐಆರ್__ . '/ಪಟ್ಟಿ.ಪಿಎಚ್‌ಪಿ';

ನಡುವಣ ಚುಕ್ಕಿ ಎರಡು ತುಂಡುಗಳನ್ನು ಜೋಡಿಸುವ ಚಿಹ್ನೆ. ಇಲ್ಲಿ ಒಂದು ಸೂಕ್ಷ್ಮವನ್ನು ನೆನಪಿಡಬೇಕು: ಈ ಪದವು ಕೊಡುವ ದಾರಿಯ ಕೊನೆಯಲ್ಲಿ ಓರೆಗೆರೆ ಇರುವುದಿಲ್ಲ. ಆದುದರಿಂದ ನಾವು ಸೇರಿಸುವ ತುಂಡು ಓರೆಗೆರೆಯಿಂದ ಮೊದಲಾಗಬೇಕು. ಇಲ್ಲವಾದರೆ ‘ಭಾಗಪಟ್ಟಿ’ ಎಂಬ ಇಲ್ಲದ ಕಡತವನ್ನು ಯಂತ್ರ ಹುಡುಕಲು ಹೊರಡುತ್ತದೆ. ‘ಇನ್‌ಕ್ಲೂಡ್’ ಎಂಬುದರ ಬದಲು ‘ರಿಕ್ವೈರ್’ ಎಂದು ಬರೆದುದಕ್ಕೂ ಕಾರಣವುಂಟು. ಕಡತ ಸಿಗದಿದ್ದರೆ ಮೊದಲನೆಯದು ಗೊಣಗಿ ಮುಂದೆ ಹೋಗುತ್ತದೆ. ಎರಡನೆಯದು ಅಲ್ಲಿಯೇ ನಿಂತುಬಿಡುತ್ತದೆ. ಅವಶ್ಯವಾದ ತುಣುಕು ಇಲ್ಲದಾಗ ನಿಲ್ಲುವುದೇ ಲೇಸು.

ಹಳೆಯ ಪುಸ್ತಕಗಳಲ್ಲಿ ಓದಿ ಕಲಿಯುವವರಿಗೆ ಈ ಪದ ಕಾಣಸಿಗದೆ ಇರಬಹುದು. ಅದು ಭಾಷೆಗೆ ಸೇರಿದ್ದು 2009ರ ಜೂನಿನಲ್ಲಿ ಹೊರಬಂದ 5.3ನೆಯ ಆವೃತ್ತಿಯಲ್ಲಿ. ಅದಕ್ಕೂ ಮೊದಲು ಕಡತದ ಪೂರ್ಣ ಹೆಸರನ್ನು ಹೇಳುವ ‘__ಫೈಲ್__’ ಎಂಬ ಪದವನ್ನು ‘ಡರ್‌ನೇಮ್’ ಎಂಬ ಆಜ್ಞೆಗೆ ಕೊಟ್ಟು, ಕೊನೆಯ ಹೆಸರನ್ನು ಕತ್ತರಿಸಿಹಾಕಿ, ಡೈರೆಕ್ಟರಿಯನ್ನು ಪಡೆಯುತ್ತಿದ್ದರು. ಎರಡರ ಫಲವೂ ಒಂದೇ. ಆ ‘ಡರ್‌ನೇಮ್’ ಈಗಲೂ ಉಪಯೋಗಕ್ಕೆ ಬರುತ್ತದೆ. ಒಂದು ಮೆಟ್ಟಿಲು ಮೇಲೆ ಹೋಗಬೇಕಾದಾಗ ‘ಡರ್‌ನೇಮ್(__ಡಿಐಆರ್__)’ ಎಂದರೆ ಸಾಕು. 2015ರ ಡಿಸೆಂಬರಿನಲ್ಲಿ ಬಂದ ಏಳನೆಯ ಆವೃತ್ತಿಯಿಂದ ಈಚೆಗೆ ಎಷ್ಟು ಮೆಟ್ಟಿಲೆಂಬುದನ್ನೂ ಅದಕ್ಕೆ ಅಂಕಿಯಲ್ಲಿ ಹೇಳಬಹುದು.

ದೊಡ್ಡ ತಾಣವಾದರೆ ಪ್ರತಿಯೊಂದು ಕಡತದಲ್ಲಿಯೂ ಮೆಟ್ಟಿಲು ಎಣಿಸುವುದು ಬೇಸರದ ಕೆಲಸ. ಆಗ ಬೇರಿನಲ್ಲಿರುವ ಒಂದು ಕಡತದಲ್ಲಿ ಮಾತ್ರ ವಿಳಾಸ ಕೇಳಿ, ಅದಕ್ಕೊಂದು ಹೆಸರಿಟ್ಟು, ಉಳಿದವರೆಲ್ಲ ಆ ಹೆಸರನ್ನೇ ಬಳಸುತ್ತಾರೆ. ವರ್ಡ್‌ಪ್ರೆಸ್ಸಿನಲ್ಲಿ ‘ಎಬಿಎಸ್‌ಪಾತ್’ ಎಂಬ ಹೆಸರು ಇರುವುದು ಇದಕ್ಕಾಗಿಯೇ. ಮನೆಯ ಯಜಮಾನರೊಬ್ಬರಿಗೆ ವಿಳಾಸ ಗೊತ್ತಿದ್ದರೆ ಮಕ್ಕಳೆಲ್ಲರೂ ಅವರನ್ನೇ ಕೇಳಿದಂತೆ.

ನಡುರಾತ್ರಿಯ ಜಾಡಮಾಲಿ

ಇಷ್ಟರವರೆಗೆ ಹೇಳಿದ ತೊಂದರೆ ಕಣ್ಣಿಗೆ ಕಾಣುವಂಥದು. ಪುಟ ಕೆಟ್ಟರೆ ಎಚ್ಚರಿಕೆ ಬರುತ್ತದೆ, ತಿದ್ದಿಕೊಳ್ಳಬಹುದು. ಕಾಣದೆ ನಡೆಯುವ ಅನಾಹುತವೊಂದುಂಟು. ಅದು ಇದಕ್ಕಿಂತ ಘೋರ.

ಪುಸ್ತಕದಂಗಡಿಯ ಗ್ರಾಹಕರು ಕಳಿಸುವ ಆರ್ಡರುಗಳನ್ನು ನಮ್ಮ ಹುಡುಗಿಯು ‘ಆರ್ಡರ್.ಸಿಎಸ್‌ವಿ’ ಎಂಬ ಕಡತದಲ್ಲಿ ಬರೆದಿಡುತ್ತಾಳೆ. ಬೀದಿಯವರ ಕಣ್ಣಿಗೆ ಬೀಳಬಾರದೆಂದು ಅದನ್ನು ಜಗುಲಿಯ ಹೊರಗೆ, ‘/ಹೋಮ್/ಅಂಗಡಿ’ ಎಂಬ ಮೂಲ ಡೈರೆಕ್ಟರಿಯಲ್ಲಿಟ್ಟಿದ್ದಾಳೆ. ಇದು ಜಾಣತನವೇ. ಇದಲ್ಲದೆ ‘ಕೆಲಸ’ ಎಂಬ ಡೈರೆಕ್ಟರಿಯೊಂದಿದೆ. ಅದರೊಳಗೆ ‘ಹಂಗಾಮಿ’ ಎಂಬಲ್ಲಿ ನಿತ್ಯವೂ ಬೇಡದ ಕಡತಗಳು ಸೇರುತ್ತವೆ. ಅವನ್ನು ಗುಡಿಸಲು ‘ಶುಚಿ.ಪಿಎಚ್‌ಪಿ’ ಎಂಬ ಸ್ಕ್ರಿಪ್ಟನ್ನು ‘ಕೆಲಸ’ದಲ್ಲಿ ಬರೆದಿಟ್ಟಳು. ಅದರ ಮೊದಲ ಸಾಲು: ‘ಹಂಗಾಮಿ’ಗೆ ಹೋಗು. ಎರಡನೆಯದು: ನಿಂತ ಜಾಗದಲ್ಲಿರುವ ಕಡತಗಳನ್ನೆಲ್ಲ ಅಳಿಸು.

‘ಕೆಲಸ’ದಲ್ಲಿ ನಿಂತು ತಾನೇ ಓಡಿಸಿ ನೋಡಿದಳು, ಸರಿಯಾಗಿ ನಡೆಯಿತು. ಪ್ರತಿರಾತ್ರಿ ತಾನಾಗಿಯೇ ಓಡಲೆಂದು ‘ಕ್ರಾನ್’ ಎಂಬ ಗಡಿಯಾರದ ಸೇವಕನಿಗೆ ಒಪ್ಪಿಸಿದಳು. ಬೆಳಗಾಯಿತು.

‘ನಿನ್ನೆಯವರೆಗಿನ ಆರ್ಡರುಗಳೆಲ್ಲಿ ಹೋದವಮ್ಮ?’ ಎಂದು ತಂದೆ ಕೇಳಿದರು.

‘ಅಲ್ಲೇ ಇರಬೇಕಲ್ಲಪ್ಪ, ನೋಡ್ತೀನಿ’ ಎಂದು ತೆರೆದು ನೋಡಿದವಳ ಮುಖ ಬಿಳುಪೇರಿತು. ಆರ್ಡರಿನ ಕಡತವಿರಲಿಲ್ಲ. ‘ಹಂಗಾಮಿ’ಯೊಳಗಿನ ಕಸ ಮಾತ್ರ ಹಾಗೆಯೇ ಇತ್ತು.

ನಡೆದದ್ದಿಷ್ಟೆ. ಕ್ರಾನ್ ಸ್ಕ್ರಿಪ್ಟನ್ನು ಓಡಿಸಿದಾಗ ನಿಂತದ್ದು ಬಳಕೆದಾರನ ಮೂಲ ಡೈರೆಕ್ಟರಿಯಾದ ‘/ಹೋಮ್/ಅಂಗಡಿ’ಯಲ್ಲಿ. ಆಜ್ಞೆಯ ಸಾಲಿನಿಂದ ಓಡಿಸಿದಾಗ ಪಿಎಚ್‌ಪಿಯು, ವೆಬ್ ಮೂಲಕ ಕರೆದಾಗಿನಂತೆ, ಸ್ಕ್ರಿಪ್ಟಿನ ಡೈರೆಕ್ಟರಿಗೆ ತಾನಾಗಿ ಹೋಗಿ ನಿಲ್ಲುವುದಿಲ್ಲ. ‘/ಹೋಮ್/ಅಂಗಡಿ’ಯಲ್ಲಿ ‘ಹಂಗಾಮಿ’ ಎಂಬುದಿಲ್ಲ. ಆದುದರಿಂದ ಮೊದಲ ಸಾಲು ಸೋತು, ಒಂದು ಎಚ್ಚರಿಕೆಯನ್ನು ಗೊಣಗಿ, ಎರಡನೆಯ ಸಾಲಿಗೆ ದಾರಿ ಬಿಟ್ಟಿತು. ಎರಡನೆಯ ಸಾಲು ತಾನು ನಿಂತಲ್ಲಿಯೇ ಗುಡಿಸಿತು. ಯಂತ್ರವು ಆಜ್ಞೆಯನ್ನು ಮೀರಲಿಲ್ಲ. ಹೇಳಿದುದನ್ನು ಹೇಳಿದಂತೆಯೇ ಮಾಡಿತು.

ಪರಿಹಾರ ಎರಡು ಸಾಲಿನದು. ‘ಹಂಗಾಮಿಗೆ ಹೋಗು’ ಎನ್ನುವ ಬದಲು, ಅಳಿಸಬೇಕಾದ ಕಡತಗಳ ಪಟ್ಟಿಯನ್ನೇ ‘__ಡಿಐಆರ್__ . '/ಹಂಗಾಮಿ/*'’ ಎಂಬ ಪೂರ್ಣ ದಾರಿಯಿಂದ ಕೇಳಬೇಕು. ಅಂಥ ಡೈರೆಕ್ಟರಿ ಇದೆಯೇ ಎಂದು ಮೊದಲು ಪರೀಕ್ಷಿಸಿ, ಇಲ್ಲವಾದರೆ ಕೆಲಸವನ್ನು ನಿಲ್ಲಿಸಬೇಕು. ಅಳಿಸುವ ಆಜ್ಞೆಯಿರುವ ಸ್ಕ್ರಿಪ್ಟಿನಲ್ಲಿ ಸಾಪೇಕ್ಷ ದಾರಿ ಇರಲೇಕೂಡದು ಎಂಬುದು ಕಲಿಯುವವರು ಮೊದಲ ದಿನವೇ ಕೈಗೊಳ್ಳಬೇಕಾದ ನೇಮ. ಪ್ರತಿದಿನ ಒಂದು ನಕಲನ್ನು ಬೇರೆಡೆ ತೆಗೆದಿಡುವುದು ಎರಡನೆಯ ನೇಮ.

ಹೋಲುವ ನೆಂಟರು

ವಿಳಾಸ ಹೇಳುವ ಇತರ ಪದಗಳೂ ಪಿಎಚ್‌ಪಿಯಲ್ಲಿವೆ. ಒಂದರ ಬದಲು ಇನ್ನೊಂದನ್ನು ಬಳಸಿದರೆ ಮೋಸಹೋಗಬೇಕಾಗುತ್ತದೆ. ‘ಗೆಟ್‌ಸಿಡಬ್ಲ್ಯುಡಿ’ ಎಂಬುದು ಈಗ ನಿಂತ ಜಾಗವನ್ನು ಹೇಳುತ್ತದೆಯೇ ಹೊರತು ಕಡತದ ಮನೆಯನ್ನಲ್ಲ. ‘ಸ್ಕ್ರಿಪ್ಟ್_ಫೈಲ್‌ನೇಮ್’ ಎಂಬುದು ಮೊದಲು ಕರೆಸಿಕೊಂಡ ಸ್ಕ್ರಿಪ್ಟಿನ ದಾರಿಯನ್ನು ಹೇಳುತ್ತದೆ. ಒಳಗೆ ಕರೆದುಕೊಂಡ ತುಣುಕಿನದನ್ನಲ್ಲ. ‘ಡಾಕ್ಯುಮೆಂಟ್_ರೂಟ್’ ಎಂಬುದು ಜಗುಲಿಯನ್ನು ಹೇಳುತ್ತದೆ. ಆದರೆ ಕ್ರಾನಿನಿಂದ ಓಡಿಸಿದಾಗ ನಡುವೆ ವೆಬ್ ಸರ್ವರೇ ಇಲ್ಲದುದರಿಂದ ಅದನ್ನು ನಂಬುವಂತಿಲ್ಲ.

ಬೇರೆ ಭಾಷೆಗಳಲ್ಲಿಯೂ ಇದೇ ಪ್ರಶ್ನೆಗೆ ಇಂಥವೇ ಉತ್ತರಗಳಿವೆ. ಪೈಥಾನಿನಲ್ಲಿ ‘__ಫೈಲ್__’ ಎಂಬುದೇ ಮೂಲ. 2020ರಲ್ಲಿ ಬಂದ 3.9ನೆಯ ಆವೃತ್ತಿಯಿಂದ ಮುಖ್ಯ ಸ್ಕ್ರಿಪ್ಟಿಗೂ ಅದು ಪೂರ್ಣ ದಾರಿಯನ್ನೇ ಕೊಡುತ್ತದೆ. ನೋಡ್ ಎಂಬಲ್ಲಿ ‘__ಡರ್‌ನೇಮ್’ ಎಂಬ ಹೆಸರು ಬಹುಕಾಲದಿಂದ ಇದೆ. ಹೆಸರುಗಳು ಬೇರೆಯಾದರೂ ತತ್ತ್ವ ಒಂದೇ.

ಅಕ್ಷರದ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬೇಕು. ಇಂಗ್ಲಿಷಿನ ದೊಡ್ಡಕ್ಷರಕ್ಕೂ ಚಿಕ್ಕಕ್ಷರಕ್ಕೂ ವಿಂಡೋಸ್ ಸಾಮಾನ್ಯವಾಗಿ ಭೇದ ಮಾಡುವುದಿಲ್ಲ, ಲಿನಕ್ಸ್ ಮಾಡುತ್ತದೆ. ಮನೆಯಲ್ಲಿ ತೆರೆದ ಕಡತ ಸರ್ವರಿನಲ್ಲಿ ತೆರೆಯದಿದ್ದರೆ ಇದನ್ನೊಮ್ಮೆ ನೋಡಬೇಕು. ಎಲ್ಲ ಹೆಸರುಗಳನ್ನೂ ಚಿಕ್ಕಕ್ಷರದಲ್ಲಿಯೇ ಇಟ್ಟುಕೊಂಡರೆ ಈ ತಂಟೆಯಿಲ್ಲ. ಮುಂದಕ್ಕೆ ವಾಲಿದ ಓರೆಗೆರೆಯನ್ನು ವಿಂಡೋಸ್‌ನಲ್ಲಿಯೂ ಪಿಎಚ್‌ಪಿ ಒಪ್ಪಿಕೊಳ್ಳುವುದರಿಂದ ಎಲ್ಲೆಡೆಯೂ ಅದನ್ನೇ ಬಳಸುವುದು ಕ್ಷೇಮ.

ವಿಳಾಸ ಕಳ್ಳರಿಗೂ ಬೇಕು

ಮನೆಯ ವಿಳಾಸ ನೆಂಟರಿಗೆ ಬೇಕಾದಂತೆ ಕಳ್ಳರಿಗೂ ಬೇಕು. ತಾಣವನ್ನು ಲೋಕಕ್ಕೆ ತೆರೆದ ಮೇಲೆ ದೋಷದ ಎಚ್ಚರಿಕೆಗಳು ಪುಟದ ಮೇಲೆ ಕಾಣಿಸಬಾರದು. ಅವುಗಳಲ್ಲಿ ಒಳಮನೆಯ ಪೂರ್ಣ ದಾರಿಯೇ ಅಚ್ಚಾಗಿರುತ್ತದೆ. ಅವು ದಾಖಲೆಯ ಕಡತಕ್ಕೆ ಹೋಗುವಂತೆ ಮಾಡಿಡಬೇಕು. ಗುಪ್ತಪದಗಳಿರುವ ಕಡತವನ್ನು ಜಗುಲಿಯಿಂದ ಒಂದು ಮೆಟ್ಟಿಲು ಮೇಲಿಡುವುದು ಉತ್ತಮ. ವರ್ಡ್‌ಪ್ರೆಸ್ ಕೂಡ ತನ್ನ ಮುಖ್ಯ ಸಂರಚನೆಯ ಕಡತವನ್ನು ಹಾಗೆ ಮೇಲಿಡಲು ಆಸ್ಪದ ಕೊಟ್ಟಿದೆ.

ಎರಡು ಚುಕ್ಕಿಗಳ ಮಹಿಮೆಯನ್ನು ಕಳ್ಳರೂ ಬಲ್ಲರು. ಓದುಗನು ಕೇಳಿದ ಹೆಸರಿನ ಕಡತವನ್ನು ಹಾಗೆಯೇ ತೆರೆದು ತೋರಿಸುವ ಸ್ಕ್ರಿಪ್ಟೊಂದಿದ್ದರೆ, ಹೆಸರಿನ ಜಾಗದಲ್ಲಿ ‘../../’ ಎಂದು ಮೆಟ್ಟಿಲು ಹತ್ತುತ್ತ ಹೋಗಿ ಜಗುಲಿಯಾಚೆಯ ಕೋಣೆಗಳನ್ನೆಲ್ಲ ಇಣುಕಬಹುದು. ಇದು ಕಲಿಯುವವರ ತಾಣಕ್ಕೆ ಮಾತ್ರ ಒದಗುವ ಅಪಾಯವೆಂದು ತಿಳಿಯಬಾರದು. 2021ರ ಅಕ್ಟೋಬರಿನಲ್ಲಿ ಪ್ರಖ್ಯಾತವಾದ ಅಪಾಚೆ ವೆಬ್ ಸರ್ವರಿನ 2.4.49ನೆಯ ಆವೃತ್ತಿಯಲ್ಲಿಯೇ ಇಂಥ ಬಿರುಕು ಬಯಲಾಯಿತು. ಅದನ್ನು ಮುಚ್ಚಲು ಹೊರಡಿಸಿದ ಮುಂದಿನ ಆವೃತ್ತಿಯೂ ಸಾಲದೆ, ಕೆಲವೇ ದಿನಗಳಲ್ಲಿ ಮತ್ತೊಂದನ್ನು ಹೊರಡಿಸಬೇಕಾಯಿತು.

ಇದಕ್ಕೆ ತಡೆಯೇನು? ತೋರಿಸಬಹುದಾದ ಪುಟಗಳ ಹೆಸರನ್ನು ಮೊದಲೇ ಪಟ್ಟಿಮಾಡಿಕೊಂಡು, ಕೇಳಿದ ಹೆಸರು ಅದರಲ್ಲಿದ್ದರೆ ಮಾತ್ರ ತೆರೆಯುವುದು ಎಲ್ಲಕ್ಕಿಂತ ಸುಲಭ. ಪಟ್ಟಿ ಮಾಡಲಾಗದಿದ್ದರೆ ‘ರಿಯಲ್‌ಪಾತ್’ ಎಂಬ ಆಜ್ಞೆಯಿದೆ. ಅದು ಚುಕ್ಕಿಗಳನ್ನೆಲ್ಲ ಕಳೆದು, ಅಡ್ಡಹೆಸರುಗಳನ್ನೆಲ್ಲ ಬಿಡಿಸಿ, ನಿಜವಾದ ಪೂರ್ಣ ದಾರಿಯನ್ನು ಕೊಡುತ್ತದೆ. ಕಡತವೇ ಇಲ್ಲದಿದ್ದರೆ ಇಲ್ಲವೆಂದು ಹೇಳುತ್ತದೆ. ಬಂದ ದಾರಿಯು ನಾವು ಒಪ್ಪಿದ ಡೈರೆಕ್ಟರಿಯ ಹೆಸರಿನಿಂದಲೂ ಅದರ ಮುಂದಿನ ಓರೆಗೆರೆಯಿಂದಲೂ ಮೊದಲಾಗುತ್ತದೆಯೇ ಎಂದು ನೋಡಿ, ಆಮೇಲೆ ಬಾಗಿಲು ತೆರೆಯಬೇಕು. ಓರೆಗೆರೆಯನ್ನು ಸೇರಿಸದೆ ನೋಡಿದರೆ ‘ಪುಟ’ವನ್ನು ಕೇಳಿದವನಿಗೆ ‘ಪುಟಗುಪ್ತ’ವೂ ತೆರೆದುಕೊಂಡೀತು.

ಒಂದು ಸಣ್ಣ ಅಭ್ಯಾಸ

ಓದಿ ತಿಳಿದದ್ದು ಕೈಯಿಂದ ಮಾಡಿದಾಗಲೇ ಮನಸ್ಸಿನಲ್ಲಿ ನಿಲ್ಲುತ್ತದೆ. ಕಲಿಯುವವರು ಎರಡೇ ಸಾಲಿನ ಸ್ಕ್ರಿಪ್ಟೊಂದನ್ನು ಬರೆಯಲಿ: ಮೊದಲನೆಯ ಸಾಲು ‘__ಡಿಐಆರ್__’ ಎಂಬುದನ್ನೂ, ಎರಡನೆಯ ಸಾಲು ‘ಗೆಟ್‌ಸಿಡಬ್ಲ್ಯುಡಿ’ ಕೊಡುವ ಉತ್ತರವನ್ನೂ ಪರದೆಯ ಮೇಲೆ ಬರೆಯಲಿ. ಅದನ್ನು ಅದರ ಡೈರೆಕ್ಟರಿಯಲ್ಲಿಯೇ ನಿಂತು ಒಮ್ಮೆ, ಒಂದು ಮೆಟ್ಟಿಲು ಮೇಲೆ ನಿಂತು ಇನ್ನೊಮ್ಮೆ ಆಜ್ಞೆಯ ಸಾಲಿನಿಂದ ಓಡಿಸಲಿ. ಮೊದಲ ಸಲ ಎರಡು ಉತ್ತರಗಳೂ ಒಂದೇ ಆಗಿರುತ್ತವೆ. ಎರಡನೆಯ ಸಲ ಒಂದು ಬದಲಾಗುತ್ತದೆ, ಇನ್ನೊಂದು ಬದಲಾಗುವುದಿಲ್ಲ. ಆ ಕ್ಷಣದಲ್ಲಿ ಈ ಲೇಖನದ ಸಾರವೆಲ್ಲ ಕಣ್ಣಿಗೆ ಕಂಡಂತಾಯಿತು. ಅಳಿಸುವ ಸ್ಕ್ರಿಪ್ಟುಗಳನ್ನಾದರೋ, ಮೊದಲು ಅಳಿಸುವ ಬದಲು ಹೆಸರುಗಳನ್ನು ಮಾತ್ರ ಬರೆದು ತೋರಿಸುವಂತೆ ಮಾಡಿ, ಆ ಪಟ್ಟಿಯನ್ನು ಕಣ್ಣಾರೆ ಓದಿದ ಮೇಲೆಯೇ ನಿಜವಾಗಿ ಓಡಿಸಬೇಕು.

ಯಂತ್ರಕ್ಕೆ ಊಹೆಯಿಲ್ಲ. ಹಿಟ್ಟಿನ ಗಿರಣಿ ಕಾಣದಿದ್ದರೆ ಪಕ್ಕದವರನ್ನು ಕೇಳಿ ತಿಳಿದುಕೊಳ್ಳುವ ದಾರಿಹೋಕನ ವಿವೇಕ ಅದಕ್ಕೆ ದೊರೆತಿಲ್ಲ. ಆದ್ದರಿಂದ ಅದಕ್ಕೆ ದಾರಿ ಹೇಳುವವರು ತಾವೆಲ್ಲಿ ನಿಂತಿದ್ದೇವೆಂಬ ಭರವಸೆಯ ಮೇಲೆ ಹೇಳಬಾರದು. ಮನೆ ಎಲ್ಲಿದೆಯೆಂಬ ನಿಶ್ಚಯದ ಮೇಲೆ ಹೇಳಬೇಕು. ಆ ನಿಶ್ಚಯವನ್ನು ಕೊಡುವ ಪದ ಏಳೇ ಅಕ್ಷರಗಳದು: ನಾಲ್ಕು ಅಡಿಗೆರೆ, ಮೂರು ದೊಡ್ಡಕ್ಷರ. ಬೆರಳಚ್ಚಿಸುವುದಕ್ಕೆ ಒಂದು ಗಳಿಗೆಯೂ ಬೇಡ. ಅಂಗಡಿಯ ಲೆಕ್ಕ ಉಳಿಯುವುದಕ್ಕೆ ಅಷ್ಟು ಸಾಕು.